ಬ್ಯಾಟರಿ ಸ್ಪ್ರೇಯರ್ ನಿಂತು ನಿಂತು ಓಡುತ್ತಿದೆಯೇ? ಹೊಸ ಬ್ಯಾಟರಿ ತರುವ ಮುಂಚೆ

ಮಳೆಗೆ ಮುಂಚೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವ ಹೊತ್ತಿಗೇ ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್‌ಗಳು ಕೈಕೊಡುತ್ತವೆ. ಒಂದು ಗಿಡಕ್ಕೆ ಹೊಡೆಯುತ್ತದೆ, ಮುಂದಿನದಕ್ಕೆ ನಿಲ್ಲುತ್ತದೆ, ಟ್ಯಾಂಕ್ ಮೇಲೆ ಒಂದು ಗುದ್ದು ಕೊಟ್ಟರೆ ಮತ್ತೆ ಓಡುತ್ತದೆ. ಹೆಚ್ಚಿನವರು ನೇರ ಅಂಗಡಿಗೆ ಹೋಗಿ ಹೊಸ ಬ್ಯಾಟರಿ ತರುತ್ತಾರೆ. ಗುದ್ದಿದರೆ ಓಡುವ ಯಂತ್ರದಲ್ಲಿ ಕೆಟ್ಟಿರುವುದು ಸಾಮಾನ್ಯವಾಗಿ ಬ್ಯಾಟರಿಯಲ್ಲ, ಕನೆಕ್ಷನ್.

ಮೊದಲು ಇದು ಕರೆಂಟಿನ ತೊಂದರೆಯೋ ನೀರಿನದೋ ನೋಡಿ. ಟ್ಯಾಂಕಿಗೆ ಮೂರು ಲೀಟರ್ ಚೊಕ್ಕ ನೀರು ಹಾಕಿ, ನಾಝಲ್ ಬಿಚ್ಚಿ, ಗನ್ ಒತ್ತಿ. ಪಂಪ್ ಎಡೆಬಿಡದೆ ಓಡಿದರೆ ತೊಂದರೆ ನೀರಿನ ಕಡೆ, ವೈರ್ ಮುಟ್ಟಬೇಡಿ. ಪಂಪಿನ ತಲೆಯಲ್ಲಿರುವ ಪ್ರೆಶರ್ ಸ್ವಿಚ್ ಒತ್ತಡ ಏರಿದಾಗ ಮೋಟರ್ ಆಫ್ ಮಾಡುತ್ತದೆ, ಇಳಿದಾಗ ಆನ್. ನಾಝಲ್‌ನಲ್ಲಿ ಸುಣ್ಣದ ಕಾಳು ಕೂತಿದ್ದರೆ ಅದು ಟಕ್ ಟಕ್ ಎಂದು ಆನ್-ಆಫ್ ಆಗುತ್ತಲೇ ಇರುತ್ತದೆ. ಸುಣ್ಣದ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಜಾಲರಿ ಸಾಲದು.

ಬ್ಯಾಟರಿ ಪರೀಕ್ಷೆ ಸುಲಭದ ಕೆಲಸ. ಪೂರ್ತಿ ಚಾರ್ಜ್ ಮಾಡಿ, ಎರಡು ಗಂಟೆ ಬಿಟ್ಟು ಮಲ್ಟಿಮೀಟರ್‌ನಲ್ಲಿ ನೋಡಿದರೆ 12 ವೋಲ್ಟ್ 8 ಆಂಪಿಯರ್-ಅವರ್‌ನ ಲೆಡ್ ಬ್ಯಾಟರಿ 12.7 ವೋಲ್ಟ್ ಆಸುಪಾಸು ತೋರಿಸಬೇಕು. ಪಂಪ್ ಓಡುವಾಗ ಕೆಲವೇ ನಿಮಿಷದಲ್ಲಿ 11ಕ್ಕಿಂತ ಕೆಳಗೆ ಕುಸಿದರೆ ಅದರ ಆಯುಸ್ಸು ಮುಗಿದಿದೆ.

ಬ್ಯಾಟರಿ ಸರಿಯಿದ್ದರೆ ನಿಜವಾದ ಕೆಲಸ ಈಗ ಶುರು. ಎಲ್ಲರೂ ಎಡವುವುದೂ ಇಲ್ಲೇ: ಪಂಪ್ ನಿಂತಿರುವಾಗ ಮೀಟರ್ ಹಿಡಿದು "12 ಬರ್ತಾ ಇದೆ" ಅಂತಾರೆ. ಲೋಡ್ ಇಲ್ಲದಾಗ ಒಂದೇ ಎಳೆಯಲ್ಲಿ ಜೋತಾಡುವ ವೈರ್ ಕೂಡ 12 ತೋರಿಸುತ್ತದೆ. ನಾಝಲ್ ಹಾಕದೆ, ರೆಗ್ಯುಲೇಟರ್ (ಪಂಪಿನ ವೇಗ ಹೊಂದಿಸುವ ಗುಂಡಿ) ಪೂರ್ತಿ ತಿರುಗಿಸಿ, ಒಬ್ಬರು ಗನ್ ಒತ್ತಿ ಹಿಡಿಯಲಿ. ಮೀಟರ್ ಡಿಸಿ 20ರಲ್ಲಿರಲಿ. ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಟರ್ಮಿನಲ್‌ಗೇ ಒತ್ತಿ, ಮೇಲೆ ಕೂತ ಥಿಂಬಲ್‌ಗಲ್ಲ (ವೈರಿನ ತುದಿಯ ಲೋಹದ ಕ್ಲಿಪ್). ಕಪ್ಪು ಕಡ್ಡಿ ಪಂಪಿನ ಕೆಂಪು ವೈರಿಗೆ. ಮೀಟರ್ ತೋರಿಸುವುದು ದಾರಿಯಲ್ಲಿ ಸೋರಿದ ವೋಲ್ಟ್. ಅರ್ಧ ವೋಲ್ಟ್ ಮೀರಿದರೆ ಕಪ್ಪು ಕಡ್ಡಿಯನ್ನು ಹಿಂದಕ್ಕೆ ತನ್ನಿ: ಪ್ರೆಶರ್ ಸ್ವಿಚ್‌ನ ಎರಡು ಬದಿ, ಮೇನ್ ಸ್ವಿಚ್‌ನ ಎರಡು ಬದಿ, ಫ್ಯೂಸ್ ಇದ್ದರೆ ಫ್ಯೂಸ್, ಕೊನೆಗೆ ಥಿಂಬಲ್. ಯಾವುದನ್ನು ದಾಟಿದಾಗ ಅಂಕಿ ದಿಢೀರ್ ಇಳಿಯುತ್ತದೋ ದೋಷ ಅಲ್ಲಿ. ಮೈನಸ್ ಕಡೆಯನ್ನೂ ಹೀಗೇ ಅಳೆಯಿರಿ. ಎಷ್ಟೋ ರೆಗ್ಯುಲೇಟರ್‌ಗಳು ಕೂತಿರುವುದು ಅದೇ ವೈರಿನಲ್ಲಿ. ಅಳೆಯುತ್ತಾ ಒಂದೊಂದೇ ಜಾಯಿಂಟ್ ಅಲ್ಲಾಡಿಸಿ. ಪಂಪ್ ನಿಂತ ಕ್ಷಣ ಮೀಟರ್ 12ಕ್ಕೆ ಹಾರಿದರೆ ಕಡಿದಿರುವುದು ಎರಡು ಕಡ್ಡಿಗಳ ನಡುವೆಯೇ.

ಹೆಚ್ಚಿನ ಸಲ ಸಿಗುವುದು ಬ್ಯಾಟರಿ ಥಿಂಬಲ್‌ನ ಹಸಿರು ಕಿಲುಬು. ಮೈಲುತುತ್ತದ ನೀರು ಟ್ಯಾಂಕಿನಿಂದ ಕೆಳಗೆ ಒಸರಿ ಲೋಹ ತಿನ್ನುತ್ತದೆ. ಎಮೆರಿ ಪೇಪರಿನಲ್ಲಿ ಹೊಳೆಯುವವರೆಗೆ ತಿಕ್ಕಿ, ಥಿಂಬಲ್‌ನ ಬಾಯಿಯನ್ನು ಕಟಿಂಗ್ ಪ್ಲೇಯರ್‌ನಲ್ಲಿ ಸ್ವಲ್ಪ ಅಮುಕಿ, ಬಿಗಿಯಾಗಿ ಕೂರಿಸಿ, ಮೇಲೆ ವ್ಯಾಸಲಿನ್ ಸವರಿ. ಕಡಿದ ವೈರನ್ನು ಹೊಸೆದು ಟೇಪ್ ಸುತ್ತುವುದು ಎರಡು ಟ್ಯಾಂಕಿನ ಮಾತು. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ಎಳೆದು ಬಿಸಿ ಮಾಡಿ.

ರೆಗ್ಯುಲೇಟರ್ ಸುಟ್ಟಿದ್ದರೆ ಅದನ್ನು ಬಿಟ್ಟು ನೇರ ಕೊಟ್ಟು ಆ ದಿನದ ಕೆಲಸ ಮುಗಿಸಬಹುದು, ಪಂಪ್ ಪೂರ್ತಿ ವೇಗದಲ್ಲಿ ಓಡುತ್ತದೆ ಅಷ್ಟೇ. ಪ್ರೆಶರ್ ಸ್ವಿಚ್‌ಗೆ ಮಾತ್ರ ಈ ಉಪಾಯ ಬೇಡ. ಗನ್ ಬಿಟ್ಟರೂ ಮೋಟರ್ ತಿರುಗುತ್ತಲೇ ಇದ್ದು ಪೈಪ್ ಕಿತ್ತು ಬರುತ್ತದೆ, ಇಲ್ಲವೇ ಮೋಟರ್ ಸುಡುತ್ತದೆ. ಹೆಸರಿಲ್ಲದ ಅಗ್ಗದ ಸ್ವಿಚ್‌ಗಳೂ ಬೇಡ, ಒಂದೇ ಮಳೆಗಾಲಕ್ಕೆ ಒಳಗಿನ ಕಾಂಟ್ಯಾಕ್ಟ್ ಕಪ್ಪಾಗುತ್ತದೆ.

ಸಂಜೆ ಎರಡು ಲೀಟರ್ ಚೊಕ್ಕ ನೀರು ಓಡಿಸಿ, ಬ್ಯಾಟರಿ ಗೂಡನ್ನು ಒರೆಸಿ ಒಣಗಿಸಿ. ಜಡಿಮಳೆಯಲ್ಲಿ ಸ್ಪ್ರೇಯರ್ ಸುಮ್ಮನೆ ಕೂತಿದ್ದರೂ ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ.