ತುಕ್ಕು ಹಿಡಿದ ಓಮ್ನಿಗೆ ಜಾಕ್ ಎಲ್ಲಿ ಕೊಡುವುದು?

ಮಾರುತಿ ಓಮ್ನಿ ತಯಾರಿಕೆ ನಿಂತದ್ದು 2019ರಲ್ಲಿ. ಈಗ ರಸ್ತೆಯಲ್ಲಿರುವ ಯಾವ ಓಮ್ನಿಯೂ ಹೊಸದಲ್ಲ. ಅದರಲ್ಲೂ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ನಮ್ಮ ಉಡುಪಿ ಕಡೆಯ ಗಾಡಿಯಾದರೆ, ಉಪ್ಪುಗಾಳಿಯೂ ಸೇರಿ ತಳ ಏನಾಗಿರುತ್ತದೆಂದು ಬಗ್ಗಿ ನೋಡಿದವರಿಗೇ ಗೊತ್ತು. ನಮ್ಮ ಮನೆಯದು ತೆಂಗಿನಕಾಯಿ, ಹಿಂಡಿ ಚೀಲ ಹೊರುವ ಹಳೇ ಓಮ್ನಿ. ಟೈರ್ ಬದಲಿಸುವುದು, ಹಿಂದಿನ ಬ್ರೇಕ್ ಶೂ ನೋಡುವುದು, ಹಿಂದೆ ಭಾರ ಹೊರುವ ಪಟ್ಟಿ ಸ್ಪ್ರಿಂಗಿನ ಪ್ಲೇಟುಗಳಿಗೆ ಗ್ರೀಸ್ ಹಚ್ಚುವುದು ಎಲ್ಲ ಅಂಗಳದಲ್ಲೇ ಮಾಡಿಕೊಳ್ಳುತ್ತೇನೆ.

ಗಾಡಿಯ ಜೊತೆ ಬರುವ ಪುಸ್ತಕದಲ್ಲಿ ಜಾಕ್ ಕೊಡುವ ಜಾಗದ ಚಿತ್ರವಿರುತ್ತದೆ. ಮೊದಲು ನೋಡಬೇಕಾದ್ದು ಅದನ್ನೇ. ಆದರೆ ಆ ಚಿತ್ರ ಬರೆದದ್ದು ತಗಡು ಗಟ್ಟಿಯಿದ್ದ ಕಾಲಕ್ಕೆ. ಬಾಗಿಲ ಕೆಳಗಿನ ಅಂಚಿನ ಒಳಭಾಗ ಟೊಳ್ಳು. ಚಕ್ರ ಎರಚಿದ ಕೆಸರು, ನೀರು ಅಲ್ಲಿ ಸೇರುತ್ತದೆ, ನೀರು ಹೋಗುವ ಸಣ್ಣ ತೂತು ಮುಚ್ಚಿಕೊಳ್ಳುತ್ತದೆ. ಆಮೇಲೆ ತುಕ್ಕು ಒಳಗಿನಿಂದಲೇ ತಿನ್ನುತ್ತಾ ಬರುತ್ತದೆ. ಹೊರಗಿನ ಕಪ್ಪು ಕೋಟಿಂಗ್ ಮಾತ್ರ ಲಕ್ಷಣವಾಗಿ ಕೂತಿರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಅಂಚಿನುದ್ದಕ್ಕೂ ಬಡಿಯುತ್ತಾ ಹೋಗಿ: ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ದಪ್ ಅನ್ನುತ್ತದೆ. ಸಂಶಯ ಬಂದಲ್ಲಿ ಮೊನೆಯಿಂದ ಒತ್ತಿ. ನಮ್ಮದರ ಎಡಬದಿಯಲ್ಲಿ ಹಾಗೆ ಒತ್ತಿದಾಗ ಮೊನೆ ಸೀದಾ ಒಳಗೆ ಹೋಯಿತು. ಟಿಂಕರಿಂಗ್ ಮಾಡುವವರಿಗೆ ತೋರಿಸಿದರೆ, "ಇಲ್ಲಿ ತಗಡೆಲ್ಲಿದೆ ಮಾರಾಯ್ರೆ, ಬರೀ ಪೈಂಟ್ ನಿಂತಿದೆ" ಎಂದರು. ಅಂಥ ಕಡೆ ಜಾಕ್ ಕೊಟ್ಟರೆ ಅಂಚು ಹಪ್ಪಳದ ಹಾಗೆ ಮುರಿದು, ಜಾಕ್ ಒಳನುಗ್ಗಿ ಗಾಡಿ ಕೆಳಗೆ ಕೂರುತ್ತದೆ.

ಹಾಗಾದರೆ ಎಲ್ಲಿ? ಗಾಡಿ ನಿಂತಿರುವಾಗ ಭಾರ ಯಾವ ದಾರಿಯಲ್ಲಿ ಚಕ್ರಕ್ಕೆ ಇಳಿಯುತ್ತದೋ ಅಲ್ಲಿ. ಹಿಂದುಗಡೆ ಇದು ಸುಲಭ. ಓಮ್ನಿ ಹಿಂದಿನ ಚಕ್ರದಿಂದ ಓಡುವ ಗಾಡಿ. ಒಂದು ಚಕ್ರದಿಂದ ಇನ್ನೊಂದಕ್ಕೆ ಗಟ್ಟಿ ಹೌಸಿಂಗ್, ಅಂದರೆ ಆಕ್ಸಲ್ ಒಳಗಿರುವ ಕಬ್ಬಿಣದ ಕವಚ, ಅದಕ್ಕೆ ಬಿಗಿದ ಪ್ಲೇಟುಗಳು. ಪ್ಲೇಟನ್ನು ಯು-ಬೋಲ್ಟ್ ಹಾಕಿ ಬಿಗಿದ ಜಾಗದ ಪಕ್ಕದಲ್ಲಿ, ಹೌಸಿಂಗಿನ ಕೊಳವೆಯಡಿ ಜಾಕ್ ಕೊಡುತ್ತೇನೆ. ನಡುವೆ ಗೇರ್ ಚಕ್ರಗಳಿರುವ ಕ್ರೌನ್ ಉಬ್ಬಿನ ಕೆಳಗಲ್ಲ. ಕೊಳವೆಗೆ ಅಂಟಿಕೊಂಡೇ ಬ್ರೇಕ್ ಪೈಪ್ ಹೋಗುತ್ತದೆ, ಅದು ಜಾಕಿನ ತಲೆಗೆ ಸಿಗದಂತೆ ಕೈಯಾಡಿಸಿ ನೋಡಬೇಕು. ಇಲ್ಲಿಂದ ಎತ್ತಿದರೆ ಇನ್ನೊಂದು ಲಾಭವಿದೆ: ಸ್ವಲ್ಪ ಎತ್ತುವಷ್ಟರಲ್ಲೇ ಚಕ್ರ ನೆಲ ಬಿಡುತ್ತದೆ. ಬಾಡಿಯಡಿ ಜಾಕ್ ಕೊಟ್ಟು ಎತ್ತಿದರೆ ಪ್ಲೇಟು ಜೋತು ಬೀಳುವಷ್ಟು ಹೊತ್ತು ಬರೀ ಬಾಡಿ ಏಳುತ್ತಿರುತ್ತದೆ, ಚಕ್ರ ಅಲ್ಲೇ ಇರುತ್ತದೆ. ಆದರೆ ಪ್ಲೇಟನ್ನೇ ಬಿಚ್ಚುವ ಕೆಲಸಕ್ಕೆ ಬಾಡಿಯನ್ನೇ ಹಿಡಿಯಬೇಕು. ಆಗ ಪ್ಲೇಟಿನ ಮುಂದಿನ ಕಣ್ಣು ಬಾಡಿಗೆ ಸೇರುವ ಜಾಗಕ್ಕಿಂತ ಸ್ವಲ್ಪ ಮುಂದೆ, ದಪ್ಪ ಚಾನೆಲ್ಲಿನಡಿ ಸ್ಟ್ಯಾಂಡ್ (ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಕಬ್ಬಿಣದ ಕಾಲು) ಕೊಡುತ್ತೇನೆ.

ಮುಂದುಗಡೆ ಅಷ್ಟು ಸಲೀಸಲ್ಲ. ಎಂಜಿನ್ ಮುಂದಿನ ಸೀಟಿನಡಿಯೇ ಇರುವುದರಿಂದ ತಳದಲ್ಲಿ ಚೇಂಬರ್ (ಎಂಜಿನ್ ಎಣ್ಣೆಯ ತಟ್ಟೆ), ಗೇರ್‌ಬಾಕ್ಸ್, ಸೈಲೆನ್ಸರ್ ಪೈಪ್ ಎಲ್ಲ ಒತ್ತೊತ್ತಾಗಿವೆ. ಅವುಗಳಲ್ಲಿ ಯಾವುದೂ ಭಾರ ಹೊರುವುದಲ್ಲ. ಸ್ಟಿಯರಿಂಗ್ ರಾಡ್, ಪೆಟ್ರೋಲ್ ಟ್ಯಾಂಕ್, ಚಪ್ಪಟೆ ನೆಲದ ತಗಡು ಕೂಡ ಬೇಡ. ಎಲ್‌ಪಿಜಿ ಗಾಡಿಯಾದರೆ ಗ್ಯಾಸ್ ಪೈಪ್ ಎಲ್ಲಿ ಹಾದಿದೆ ಎಂದೂ ನೋಡಿಕೊಳ್ಳಿ. ನಾನು ಹುಡುಕುವುದು ಉದ್ದಕ್ಕೆ ಹೋಗುವ ಡಬ್ಬಿ ಆಕಾರದ ಚಾನೆಲ್ಲನ್ನು, ಅದರಲ್ಲೂ ಚಕ್ರವನ್ನು ಬಾಡಿಯೊಂದಿಗೆ ಜೋಡಿಸುವ ಸಸ್ಪೆನ್ಷನ್ನಿನ ತೋಳು ಬಂದು ಸೇರುವ ಕಡೆಯನ್ನು. ಅದನ್ನೂ ಬಡಿದು ನೋಡಿದ ಮೇಲೆಯೇ.

ಇನ್ನು ಗೇರ್‌ನಲ್ಲಿ ನಿಲ್ಲಿಸಿದ್ದೇನೆ, ಹ್ಯಾಂಡ್ ಬ್ರೇಕ್ ಎಳೆದಿದ್ದೇನೆ ಎಂಬ ಧೈರ್ಯದ ವಿಷಯ. ಹಿಂದಿನ ಒಂದು ಚಕ್ರ ಮೇಲೆದ್ದ ಕೂಡಲೇ ಗೇರ್ ಇದ್ದೂ ಇಲ್ಲದ ಹಾಗೆ. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದರಿಂದ ಗಾಳಿಯಲ್ಲಿರುವ ಚಕ್ರ ತಿರುಗಿ ನೆಲದ ಮೇಲಿನದನ್ನು ಬಿಟ್ಟುಕೊಡುತ್ತದೆ. ಹ್ಯಾಂಡ್ ಬ್ರೇಕ್ ಹಿಡಿಯುವುದೂ ಹಿಂದಿನ ಚಕ್ರಗಳನ್ನೇ. ಎರಡೂ ಎದ್ದರೆ ಮುಂದಿನವಕ್ಕೆ ಹಿಡಿತವೇ ಇಲ್ಲ. ಮೇಲಾಗಿ ಡ್ರಮ್ ಬಿಚ್ಚಲು ಹ್ಯಾಂಡ್ ಬ್ರೇಕ್ ಇಳಿಸಲೇಬೇಕು. ಆಗ ಗಾಡಿಯನ್ನು ತಡೆಯುವುದು ಮುಂದಿನ ಚಕ್ರಗಳ ಹಿಂದೆ ಮುಂದೆ ಕೊಟ್ಟ ಮರದ ಅಡೆ ಮಾತ್ರ. ನಾನು ಮರದ ತುಂಡನ್ನು ಓರೆಯಾಗಿ ಕೊಯ್ಸಿ ಇಟ್ಟುಕೊಂಡಿದ್ದೇನೆ. ಅಂಗಳದ ದುಂಡು ಕಲ್ಲು ಜಾರುತ್ತದೆ.

ಟ್ರಾಲಿ ಜಾಕ್ ಎತ್ತುವಾಗ ಅದರ ತೋಳು ಕಮಾನಿನಂತೆ ಮೇಲೇರುತ್ತದೆ. ತಲೆ ನೇರ ಮೇಲೆ ಹೋಗುವುದಿಲ್ಲ, ಅದಕ್ಕೆ ತಕ್ಕಂತೆ ಜಾಕೇ ಉರುಳಿಕೊಳ್ಳಬೇಕು. ಮಣ್ಣಿನ ಅಂಗಳದಲ್ಲಿ ಗಾಲಿ ಹೂತರೆ ಉರುಳುವುದಿಲ್ಲ, ತಲೆ ಜಾರುತ್ತದೆ. ಆದ್ದರಿಂದ ಮಟ್ಟ ಜಾಗ ನೋಡಿ ಅಗಲದ ದಪ್ಪ ಪ್ಲೈವುಡ್ ಹಾಸುತ್ತೇನೆ. ಚಕ್ರದ ನಟ್ಟುಗಳನ್ನು ಎತ್ತುವ ಮೊದಲೇ ಸಡಿಲ ಮಾಡುವುದು. ಎದ್ದ ಮೇಲೆ ಸ್ಟ್ಯಾಂಡ್ ಇಟ್ಟು, ಜಾಕ್ ಇಳಿಸಿ ಭಾರವನ್ನು ಅದರ ಮೇಲೆ ಕೂರಿಸಿ, ಗಾಡಿಯನ್ನು ಕೈಯಿಂದ ಅಲುಗಿಸಿ ನೋಡುವುದು. ಬಿಚ್ಚಿದ ಚಕ್ರವನ್ನು ಬಾಡಿಯಡಿ ಮಲಗಿಸುವುದು. ಸ್ಟ್ಯಾಂಡಿನ ಬದಲು ಕೆಂಪುಕಲ್ಲು, ಸಿಮೆಂಟ್ ಬ್ಲಾಕ್ ಇಡುವವರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ಗೋಡೆಯಲ್ಲಿ ಭಾರ ಹೊರುವ ಕಲ್ಲು ಒಂದು ಮೂಲೆಯಲ್ಲಿ ಕಬ್ಬಿಣ ಒತ್ತಿದರೆ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಕೆಳಗೆ ನುಸುಳುವ ಕೆಲಸವನ್ನೇ ಬಿಡಬೇಕು, ಜಾಕ್ ಎಷ್ಟೇ ಟನ್ನಿನದಾಗಿರಲಿ.

ದಾರಿಯಲ್ಲಿ ಪಂಕ್ಚರ್ ಆದರೆ? ಗಾಡಿಯ ಜೊತೆ ಬಂದ ಜಾಕಿಗೆ ಬೇಕಾದ ಅಂಚೇ ನಮ್ಮ ಎಡಬದಿಯಲ್ಲಿ ಇಲ್ಲ. ಅದಕ್ಕೆ ಹೌಸಿಂಗಿಗೆ ಕೊಡಲು ಎಣ್ಣೆಯ ಒತ್ತಡದಿಂದ ಎತ್ತುವ ಒಂದು ಸಣ್ಣ ಬಾಟಲ್ ಜಾಕ್, ಒಂದು ಹಲಗೆ ಸೀಟಿನ ಹಿಂದೆ ಇರುತ್ತವೆ. ಕೊಳ್ಳುವಾಗ ಟೈರಿನ ಗಾಳಿ ಪೂರ್ತಿ ಬಿಟ್ಟು, ಹೌಸಿಂಗಿನಡಿ ಎಷ್ಟು ಜಾಗ ಉಳಿಯುತ್ತದೆಂದು ಅಳೆದುಕೊಂಡು ಹೋಗಿ. ಅದಕ್ಕಿಂತ ಎತ್ತರದ್ದು ತಂದರೆ ಒಳಗೇ ಹೋಗುವುದಿಲ್ಲ. ನೆಟ್ಟಗೆ ನಿಲ್ಲಿಸಿ ಕಟ್ಟಿಡಿ, ಅಡ್ಡ ಮಲಗಿಸಿದರೆ ಎಣ್ಣೆ ಒಸರಿ ಹಿಂಡಿ ಚೀಲಕ್ಕೆಲ್ಲ ಹತ್ತುತ್ತದೆ.