ಹಳೆ ಸಿ ಬ್ಯಾಂಡ್ ಡಿಶ್‌ನಲ್ಲಿ ಜಲಜನಕ ಹಿಡಿದೆ

ಕೊನೆಗೂ ಸಿಕ್ಕಿತು. ಬಾಗಲಕೋಟೆಯ ನವನಗರದಲ್ಲಿ, ನನ್ನ ಮನೆಯ ಮಾಳಿಗೆ ಮೇಲೆ, ವರ್ಷಗಟ್ಟಲೆ ಚಾನೆಲ್ ಹಿಡಿದ ಎಂಟಡಿ ಜಾಳಿಗೆ ಡಿಶ್‌ನಲ್ಲಿ 1420 ಮೆಗಾಹರ್ಟ್ಸ್‌ನ ಜಲಜನಕದ ಗೆರೆ ಬಂದಿದೆ. ಆಕಾಶದಲ್ಲಿರುವ ಜಲಜನಕ (ಹೈಡ್ರೋಜನ್) ಅನಿಲ ತಾನೇ ಹೊರಡಿಸುವ ರೇಡಿಯೊ ಅಲೆ ಅದು, ಗ್ರಾಫಿನಲ್ಲಿ ಗೆರೆಯಾಗಿ ಏಳುತ್ತದೆ. 'ಆಗೋ ಮಾತಲ್ಲ ಬಿಡು' ಎಂದವರಿಗೆಲ್ಲ ಗ್ರಾಫ್ ತೋರಿಸಿದ್ದೇನೆ. ಕೇಬಲ್ ಲೈನಿನಲ್ಲಿ ದುಡಿದವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಡಿಶ್ ಕೂರಿಸೋದು, ಎಫ್ ಕನೆಕ್ಟರ್ ಹಾಕೋದು ನಿಮಗೆ ಹೇಳಬೇಕಿಲ್ಲ.

ಹಳೆ ಟಿವಿಯಲ್ಲಿ ಚಾನೆಲ್ ಹೋದಾಗ ಗ್ರೇನ್ಸ್ ಬರ್ತಿತ್ತು ಅಲ್ವಾ? ಅದರಲ್ಲಿ ಒಂದು ಸಣ್ಣ ಪಾಲು ವಿಶ್ವ ಹುಟ್ಟಿದಾಗಿನ ಬಿಸಿಯ ಉಳಿಕೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಗ್ರೇನ್ಸ್ ತೆಗೆಯಲು ಎಷ್ಟು ಮನೆಗಳ ಏಣಿ ಹತ್ತಿದ್ದೆನೋ! 1964ರಲ್ಲಿ ಅಮೆರಿಕದ ಪೆಂಜಿಯಾಸ್ ಮತ್ತು ವಿಲ್ಸನ್ ಅವರಿಗೂ ಇದೇ ಕಾಟ. ಆಂಟೆನಾ ಯಾವ ಕಡೆ ತಿರುಗಿಸಿದರೂ ಒಂದು ಗದ್ದಲ (ಬೇಡದ ಸಿಗ್ನಲ್) ಹೋಗಲಿಲ್ಲ. ಪಾರಿವಾಳದ ಹಿಕ್ಕೆ ತೊಳೆದರು, ಆಗಲೂ ಹೋಗಲಿಲ್ಲ. ಅದೇ ಗದ್ದಲಕ್ಕೆ 1978ರಲ್ಲಿ ನೊಬೆಲ್ ಬಂತು. ಅವರು ಕೇಳುತ್ತಿದ್ದದ್ದು ಸುಮಾರು 4080 ಮೆಗಾಹರ್ಟ್ಸ್. ನಮ್ಮ ಸಿ ಬ್ಯಾಂಡ್, ಅಂದರೆ ದೊಡ್ಡ ಡಿಶ್ ಚಾನೆಲ್ ಹಿಡಿಯುವ ಅಲೆಗಳ ಪಟ್ಟಿ, 3700ರಿಂದ 4200. ನೋಡಿ, ನಮ್ಮ ಬ್ಯಾಂಡಿನೊಳಗೇ ಇದೆ!

ಹಾಗಾಗಿ ಮೊದಲು ಅದಕ್ಕೇ ಕೈ ಹಾಕಿದೆ. ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಮೇಲೆ 17 ಕೆ ಅಂತ ಬರೆದಿರುತ್ತದೆ. ಆ ಕೆ ಅಂದರೆ ಕೆಲ್ವಿನ್, ಎಲ್‌ಎನ್‌ಬಿಯ ಸ್ವಂತ ಗದ್ದಲದ ಲೆಕ್ಕ. ವಿಶ್ವದ ಉಳಿಕೆ ಬಿಸಿ ಬರೀ 2.7 ಕೆಲ್ವಿನ್. ಎಲ್‌ಎನ್‌ಬಿ ಬಿಚ್ಚಿ ಒಮ್ಮೆ ಆಕಾಶಕ್ಕೆ, ಒಮ್ಮೆ ಗೋಡೆಗೆ ಹಿಡಿದು ಅಳೆದೆ. ಗೋಡೆಗೆ ಹಿಡಿದರೆ ಮೀಟರ್ ಚೆನ್ನಾಗಿ ಏರುತ್ತದೆ. ಆದರೆ ಆ 2.7 ಅನ್ನು ಮಾತ್ರ ಬೇರೆ ಮಾಡಿ ತೋರಿಸಲು ಆಗಲಿಲ್ಲ. ನಾಲ್ಕು ತಿಂಗಳು ಹೀಗೇ ಹೋಯಿತು.

ಆಗ ಜಲಜನಕದ ಕಡೆ ಬಂದೆ. ಅದೂ ಆ ಕಾಲದ್ದೇ. ಮಹಾಸ್ಫೋಟವಾಗಿ ಸುಮಾರು 1380 ಕೋಟಿ ವರ್ಷ. ಅದಾದ ಕೆಲವೇ ನಿಮಿಷಗಳಲ್ಲಿ ತೂಕದ ಮುಕ್ಕಾಲು ಪಾಲು ಜಲಜನಕದ ಬೀಜ, ಉಳಿದ ಕಾಲು ಪಾಲು ಹೆಚ್ಚುಕಡಿಮೆ ಹೀಲಿಯಂ ಎಂದು ಪಾಲಾಗಿ ಹೋಗಿತ್ತು. ನಕ್ಷತ್ರಗಳೆಲ್ಲ ಆಮೇಲೆ ಬಂದವು.

ಸಾಮಾನು ಜಾಸ್ತಿ ಇಲ್ಲ. ಫೀಡಿಗೆ, ಅಂದರೆ ಎಲ್‌ಎನ್‌ಬಿ ಜಾಗದಲ್ಲಿ ಅಲೆ ಹಿಡಿಯಲು, ನಾಲ್ಕು ಲೀಟರಿನ ಪೇಂಟ್ ಡಬ್ಬಿ, ಒಳಗೆ ಐದು ಸೆಂಟಿಮೀಟರಿಗಿಂತ ತುಸು ಉದ್ದದ ತಾಮ್ರದ ತಂತಿ. ಡಬ್ಬಿಯ ತಳದಿಂದ ತಂತಿ ಎಷ್ಟು ದೂರ ಇರಬೇಕು ಅನ್ನೋದನ್ನು ಇಲ್ಲಿ ಹೇಳಲ್ಲ. ಮೂರು ಡಬ್ಬಿ ಹಾಳಾದ ಮೇಲೆ ಸಿಕ್ಕ ಅಳತೆ ಅದು. ಸಿಗ್ನಲನ್ನು ಲ್ಯಾಪ್‌ಟಾಪಿಗೆ ಕೊಡುವ ಯುಎಸ್‌ಬಿ ಡಾಂಗಲ್‌ಗೆ ಮೂರೂವರೆ ಸಾವಿರ. ಫಿಲ್ಟರ್ ಇರುವ ಆಂಪ್ಲಿಫೈಯರ್‌ಗೆ ನಾಲ್ಕೂವರೆ ಸಾವಿರ. ಅದನ್ನು ಎರಡು ಸಲ ಕೊಳ್ಳಬೇಕಾಯಿತು. ಕೈಗೆ ಎಲ್‌ಎನ್‌ಬಿ ಅಭ್ಯಾಸ. ಹಳೆ ರಿಸೀವರಿನಿಂದ 18 ವೋಲ್ಟ್ ಕೊಟ್ಟುಬಿಟ್ಟೆ. ಅದಕ್ಕೆ ಬೇಕಿದ್ದದ್ದು 5. ಒಂದು ಸಣ್ಣ ಸುಟ್ಟ ವಾಸನೆ ಬಂತು, ಅಷ್ಟೇ. ಮನೆಯವಳು ಏನೂ ಅನ್ನಲಿಲ್ಲ. ಅದಕ್ಕೇ ಜಾಸ್ತಿ ಸಂಕಟವಾಯಿತು. ಸಂಡಿಗೆ ಒಣಗಿಸುವ ಜಾಗವನ್ನೂ ಡಿಶ್‌ಗೆ ಬಿಟ್ಟುಕೊಟ್ಟಿದ್ದಳು. ಒಟ್ಟು ಹದಿನಾರು, ಹದಿನೇಳು ಸಾವಿರ ಬಿದ್ದಿರಬೇಕು.

ಡಿಸೆಂಬರಿನಲ್ಲಿ ಒಂದು ಸಂಜೆ 1420ರ ಹತ್ತಿರ ಸೂಜಿಯಂಥ ಗೆರೆ ಎದ್ದಿತು. ಮರುದಿನವೂ ಬಂತು. ಅಮೀನಗಡದ ಕರದಂಟು ತರಿಸಿ ಓಣಿಗೆಲ್ಲ ಹಂಚಿದೆ. ನಮ್ಮ ಓಣಿಯ ಫಿಸಿಕ್ಸ್ ಮಾಸ್ತರರು ಕರದಂಟು ತಿಂದು, ನನ್ನ ವಹಿ ತಿರುವಿ ಹಾಕಿ ಒಂದೇ ಮಾತು ಕೇಳಿದರು. "ಅಣ್ಣಾರ, ಇದು ದಿನಾ ಏಳಕ್ಕ ಬರ್ತದಲ್ರಿ? ಆಕಾಶದ್ದಾಗಿದ್ರ ದಿನಕ್ಕ ನಾಕ್ ನಿಮಿಷ ಮೊದ್ಲ ಬರಬೇಕು." ಹುಡುಕಿದರೆ ಪಕ್ಕದ ಮನೆಯ ಹೊಸ ಎಲ್‌ಇಡಿ ಲೈಟು. ಏಳಕ್ಕೆ ಹಚ್ಚುತ್ತಿದ್ದರು.

ಆದರೆ ಆ ನಾಲ್ಕು ನಿಮಿಷವೇ ನನಗೆ ದಾರಿ ತೋರಿಸಿತು. ಡಿಶ್ ಅನ್ನು ನೇರ ನೆತ್ತಿಗೆ ಮುಖ ಮಾಡಿ ಬಿಗಿದುಬಿಟ್ಟೆ. ತಿರುಗಿಸೋದೇ ಬೇಡ, ಆಕಾಶ ತಾನೇ ತಿರುಗುತ್ತದೆ. ರಾತ್ರಿ ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಬ್ಯಾಟರಿ ಮೇಲೆ ಓಡಿಸಿದೆ. ಲ್ಯಾಪ್‌ಟಾಪಿನ ಗದ್ದಲ ತಡೆಯಲು ಒಂದು ಉಪಾಯವಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಐದೈದು ನಿಮಿಷದ ಸರಾಸರಿ ತೆಗೆದೆ.

ಜನವರಿ ಮಧ್ಯದಲ್ಲಿ ರಾತ್ರಿ ಹನ್ನೊಂದರ ಸುಮಾರಿಗೆ, ಆರಿದ್ರಾ ನಕ್ಷತ್ರ ನೆತ್ತಿಯ ಹತ್ತಿರ ಬಂದ ಹೊತ್ತಿಗೆ, ಗೆರೆ ಎದ್ದಿತು. ಈ ಸಲ ಸೂಜಿಯಲ್ಲ, ಅಗಲವಾದ ದಿಬ್ಬ. ಒಂದು ತಾಸು ನಿಂತು ಇಳಿಯಿತು. ಕರದಂಟು ತರಿಸಲಿಲ್ಲ. ಹದಿನೈದು ದಿನ ಬಿಡದೆ ಬರೆದೆ. ತಿಂಗಳ ಕೊನೆಗೆ ಅದೇ ದಿಬ್ಬ ಹತ್ತಕ್ಕೆ ಬರುತ್ತಿತ್ತು. ಹದಿನೈದು ನಾಲ್ಕಲೆ ಅರವತ್ತು ನಿಮಿಷ. ಆಕಾಶಗಂಗೆಯೇ ಹಾದು ಹೋಗುತ್ತಿತ್ತು. ಮಾಸ್ತರರು ಕಂಬಳಿ ಹೊದ್ದು ಎರಡು ರಾತ್ರಿ ನನ್ನ ಜೊತೆ ಕೂತು ತಾವೇ ಟೈಮ್ ಬರೆದುಕೊಂಡರು.

ಮಾರ್ಚ್ ಹೊತ್ತಿಗೆ ಇನ್ನೊಂದು ಕಂಡಿತು. ದಿಬ್ಬ ಸುಮಾರು ಎಂಬತ್ತು ಕಿಲೋಹರ್ಟ್ಸ್ ಕೆಳಗೆ ಸರಿದಿತ್ತು. ಭೂಮಿ ಸೂರ್ಯನ ಸುತ್ತ ಓಡುತ್ತಾ ಆ ಜಲಜನಕದಿಂದ ದೂರ ಸರಿಯುತ್ತಿತ್ತಲ್ಲ, ಅದಕ್ಕೆ. ದೂರ ಸರಿದರೆ ಅಲೆ ಕೆಳಗಿಳಿಯುತ್ತದೆ, ಬೆಳಕಾದರೆ ಕೆಂಪಿನ ಕಡೆಗೆ. ದೂರದ ಗ್ಯಾಲಕ್ಸಿಗಳ ಬೆಳಕು ಕೆಂಪಿನ ಕಡೆ ಸರಿದದ್ದನ್ನು ಹಿಡಿದೇ 1929ರಲ್ಲಿ ಹಬಲ್ ವಿಶ್ವ ಹಿಗ್ಗುತ್ತಿದೆ ಎಂದು ತೋರಿಸಲು ಆದದ್ದು. ನನ್ನ ದಿಬ್ಬ ಸರಿದದ್ದು ವಿಶ್ವ ಹಿಗ್ಗಿದ್ದರಿಂದ ಅಲ್ಲ, ಅದು ನನಗೆ ಗೊತ್ತು. ಆದರೂ ಅಲೆ ಸರಿಯೋದನ್ನು ನನ್ನದೇ ಮಾಳಿಗೆ ಮೇಲೆ ನೋಡಿದ ಮೇಲೆ, ವಿಶ್ವಕ್ಕೊಂದು ಶುರು ಇತ್ತು ಅನ್ನೋ ಲೆಕ್ಕ ನನಗೆ ಸುಮ್ನೆ ಓದಿದ ಮಾತಾಗಿ ಉಳಿದಿಲ್ಲ.

ನಡುವೆ ಒಂದು ಭಾನುವಾರ ಡಬ್ಬಿ, ಬ್ಯಾಟರಿ ಹೊತ್ತು ಆಲಮಟ್ಟಿ ಹಿನ್ನೀರಿನ ದಂಡೆಗೂ ಹೋಗಿದ್ದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಮೊದಲ ನಕ್ಷತ್ರಗಳ ಕಾಲದ ಜಲಜನಕ ಹುಡುಕಲು ಸಾರಸ್ ಎಂಬ ರೇಡಿಯೊ ಯಂತ್ರವನ್ನು ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟಿದ್ದರಲ್ಲ, ಅದೇ ಆಸೆ. ಡಿಶ್ ಇಲ್ಲದೆ ಏನೂ ಸಿಗಲಿಲ್ಲ. ಆದರೆ ಗದ್ದಲ ಊರಿಗಿಂತ ಅರ್ಧಕ್ಕರ್ಧ ಕಡಿಮೆ ಇತ್ತು. ಮುಂದಿನ ಚಳಿಗಾಲಕ್ಕೆ ಡಿಶ್ ಅನ್ನೇ ಅಲ್ಲಿಗೆ ಒಯ್ಯುತ್ತೇನೆ, ಟೆಂಪೋದವನ ಹತ್ತಿರ ಮಾತಾಡಿಟ್ಟಿದ್ದೇನೆ.

ನೋಡಬೇಕು ಅನ್ನುವವರು ಮೋಡ ಇದ್ದರೂ ಬನ್ನಿ, ಈ ಅಲೆಗೆ ಮೋಡ ಅಡ್ಡಿಯಲ್ಲ. ಮೊಬೈಲ್ ಮಾತ್ರ ಆಫ್ ಮಾಡಿ ಕೆಳಗೇ ಇಟ್ಟು ಮೇಲೆ ಹತ್ತಿ.