ಬೆರಳು ಬಿಟ್ಟುಕೊಂಡಾಗ ಗೊತ್ತಾಗುತ್ತದೆ

ಮೊದಮೊದಲು ಧ್ಯಾನಕ್ಕೆ ಕೂತಾಗ ಬೆರಳು ಜೋಡಿಸಿ ಹಿಡಿಯುವ ಮುದ್ರೆ ಎಂದರೆ ನನಗೆ ಫೋಟೋಗೆ ಪೋಸ್ ಕೊಟ್ಟ ಹಾಗೆ ಕಾಣುತ್ತಿತ್ತು. ಬೆರಳಿಗೆ ಬೆರಳು ತಾಗಿಸಿದರೆ ಏನಾಗುತ್ತದೆ, ಸುಮ್ನೆ ಕೂತರೆ ಸಾಲದಾ ಎಂಬ ಅನುಮಾನ. ಆದರೆ ಸುಮ್ಮನೆ ಕೂರುವುದೇ ಆಗುತ್ತಿರಲಿಲ್ಲ. ಕಣ್ಣು ಮುಚ್ಚಿ ಎರಡು ನಿಮಿಷ ಕಳೆಯುವುದರೊಳಗೆ ಮನಸ್ಸು ಎಲ್ಲೋ ಹೊರಟುಬಿಡುತ್ತಿತ್ತು. ಹೋದದ್ದು ಯಾವಾಗ ಎಂದೂ ತಿಳಿಯುತ್ತಿರಲಿಲ್ಲ. ಬೇರೆ ದಾರಿ ಕಾಣದೆ ಚಿನ್ ಮುದ್ರೆ ಹಿಡಿದೆ.

ಇದು ಎಲ್ಲರೂ ನೋಡಿರುವುದೇ. ಹೆಬ್ಬೆರಳು, ತೋರುಬೆರಳುಗಳ ತುದಿ ಕೂಡಿಸಿ, ಉಳಿದ ಮೂರನ್ನು ಸಡಿಲವಾಗಿ ಚಾಚಿ, ಅಂಗೈ ಮೇಲ್ಮುಖವಾಗಿ ತೊಡೆಯ ಮೇಲಿಡುವುದು. ಅಂಗೈ ಕೆಳಗೆ ಮಾಡಿದರೆ ಜ್ಞಾನ ಮುದ್ರೆ ಎನ್ನುತ್ತಾರೆ. ಕೆಲವರು ಈ ಹೆಸರುಗಳನ್ನು ಅದಲು ಬದಲು ಮಾಡುತ್ತಾರೆ. ನಾನು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಕೆಡಿಸಿಕೊಂಡದ್ದು ಹೆಬ್ಬೆರಳನ್ನು. ಜಾಸ್ತಿ ಒತ್ತಿದರೆ ಜಾಸ್ತಿ ಲಾಭ ಎಂದುಕೊಂಡು ಉಗುರು ಬೆಳ್ಳಗಾಗುವಷ್ಟು ಒತ್ತುತ್ತಿದ್ದೆ. ಒಂದೇ ವಾರದಲ್ಲಿ ಹೆಬ್ಬೆರಳ ಬುಡ ನೋಯತೊಡಗಿತು. ಆಮೇಲೆ ನಾನೇ ಒಂದು ಅಳತೆ ಮಾಡಿಕೊಂಡೆ: ಎರಡು ಬೆರಳ ನಡುವೆ ತೆಳು ಕಾಗದ ಇಟ್ಟರೆ ಬೀಳಬಾರದು, ಸುಕ್ಕಾಗಲೂ ಬಾರದು. ಅಷ್ಟು ಸಾಕು.

ಹಗುರ ಮಾಡಿದ ಮೇಲೇ ಮುದ್ರೆಯ ಉಪಯೋಗ ತಿಳಿದದ್ದು. ಮನಸ್ಸು ಅಲೆದಾಡಲು ಹೋದರೆ ಬೆರಳು ಮೆಲ್ಲಗೆ ಬಿಟ್ಟುಕೊಳ್ಳುತ್ತದೆ. ತೂಕಡಿಸಿದರೂ ಅಷ್ಟೇ. ಯಾರ ಮೇಲಾದರೂ ಸಿಟ್ಟು ನೆನಪಾದರೆ ಬಿಗಿಯಾಗುತ್ತದೆ. ಅಂದರೆ ಮನಸ್ಸಿನ ಚಾಡಿ ಹೇಳುವವರು ಕೈಯಲ್ಲೇ ಇದ್ದಾರೆ! ಇದಕ್ಕೆ ಕಾರಣವೂ ಇದೆ ಎನಿಸುತ್ತದೆ. ಬೆರಳ ತುದಿಯಲ್ಲಿ ಸ್ಪರ್ಶದ ನರಗಳು ಒತ್ತಾಗಿವೆ. ಮಿದುಳಿನಲ್ಲಿ ಕೈಗೆ ಮೀಸಲಾದ ಜಾಗ ಬೆನ್ನು, ಹೊಟ್ಟೆಗಳಿಗೆ ಇರುವುದಕ್ಕಿಂತ ದೊಡ್ಡದು. ಗಮನ ಅಲ್ಲಿ ಸುಲಭವಾಗಿ ನಿಲ್ಲುತ್ತದೆ.

ನನಗೆ ತುಂಬಾ ಮಜಾ ಕೊಟ್ಟದ್ದು ಉಸಿರಿನ ಪ್ರಯೋಗ. ಚಿನ್ ಮುದ್ರೆಯಲ್ಲಿ ಉಸಿರು ಹೊಟ್ಟೆಯಲ್ಲಿ, ಉಳಿದ ಮೂರು ಬೆರಳನ್ನೂ ಅಂಗೈಗೆ ಮಡಚುವ ಚಿನ್ಮಯ ಮುದ್ರೆಯಲ್ಲಿ ಎದೆಯಲ್ಲಿ, ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟುವ ಆದಿ ಮುದ್ರೆಯಲ್ಲಿ ಹೆಗಲ ಹತ್ತಿರ ಆಡುತ್ತದೆ ಎನ್ನುತ್ತಾರೆ. ಒಂದೊಂದರಲ್ಲೂ ಹತ್ತು ಉಸಿರು ಎಣಿಸಿದೆ. ಮೊದಲ ಎರಡು ಚೆನ್ನಾಗಿಯೇ ತಿಳಿದವು. ಮೊದಲೇ ಕೇಳಿದ್ದರಿಂದ ಹೀಗಾಯಿತೇನೋ ಎಂದು, ಏನೂ ಹೇಳದೆ ತಂಗಿಗೆ ಮಾಡಿಸಿದೆ. ಚಿನ್ಮಯದಲ್ಲಿ "ಪಕ್ಕೆ ಅಗಲ ಆಗ್ತಿದೆ ಅಲ್ವಾ ಅಕ್ಕ?" ಎಂದಳು. ಆದಿಯಲ್ಲಿ ಏನನ್ನಿಸಿತು ಎಂದರೆ, "ಕೈ ಬೆವರ್ತಿದೆ, ಅಷ್ಟೇ."

ಐದು ಬೆರಳಿಗೂ ಪಂಚಭೂತಗಳಲ್ಲಿ ಒಂದೊಂದು ಎನ್ನುತ್ತಾರೆ. ಹೆಬ್ಬೆರಳು ಅಗ್ನಿ, ತೋರುಬೆರಳು ವಾಯು, ನಡುಬೆರಳು ಆಕಾಶ, ಉಂಗುರಬೆರಳು ಪೃಥ್ವಿ, ಕಿರುಬೆರಳು ಜಲ. ಈ ಲೆಕ್ಕ ಹಿಡಿದು ಕಾಯಿಲೆಗೊಂದು ಮುದ್ರೆ ಹೇಳುವವರಿದ್ದಾರೆ. ನಾನೂ ಒಮ್ಮೆ ನಂಬಿದೆ. ಕಿವಿನೋವಿಗೆ ನಡುಬೆರಳು ಮಡಚಿ ಹೆಬ್ಬೆರಳಿನಿಂದ ಒತ್ತುವ ಶೂನ್ಯ ಮುದ್ರೆಯನ್ನು ಮೂರು ದಿನ ಮಾಡಿದೆ. ನೋವು ಹೋಗಲಿಲ್ಲ. ಡಾಕ್ಟರ್ ನೋಡಿದರೆ ಒಳಗೆ ಗುಗ್ಗೆ ಗಟ್ಟಿಯಾಗಿತ್ತು. ತೆಗೆದರು, ನೋವು ಹೋಯಿತು. ಅಂದಹಾಗೆ, ಯೋಗದ ಹಳೆಯ ಗ್ರಂಥವಾದ ಹಠಯೋಗ ಪ್ರದೀಪಿಕೆಯಲ್ಲಿ ಹೇಳಿರುವ 10 ಮುದ್ರೆಗಳಲ್ಲಿ ಹೀಗೆ ಬೆರಳು ಜೋಡಿಸುವ ಮುದ್ರೆ ಒಂದೂ ಇಲ್ಲ. ಅಲ್ಲಿರುವುದು ಕಾಲು ಚಾಚಿ ಬಾಗುವ ಮಹಾಮುದ್ರೆ, ಮೈ ತಲೆಕೆಳಗಾಗಿಸುವ ವಿಪರೀತಕರಣಿ, ನಾಲಿಗೆ ಹಿಂದಕ್ಕೆ ಮಡಚುವ ಖೇಚರಿ ಇಂಥವು. ಕೂತು ಟಿವಿ ನೋಡುತ್ತಾ ಮಾಡುವಂಥವಲ್ಲ.

ಈಗ ಬೆಳಿಗ್ಗೆ 15 ನಿಮಿಷ ಚಿನ್ ಮುದ್ರೆ. ಮಧ್ಯಾಹ್ನ ಮಂಕು ಕವಿದರೆ ಉಂಗುರಬೆರಳು, ಕಿರುಬೆರಳುಗಳನ್ನು ಹೆಬ್ಬೆರಳಿಗೆ ಕೂಡಿಸಿ ಸ್ವಲ್ಪ ಹೊತ್ತು ಪ್ರಾಣ ಮುದ್ರೆ. ಚುರುಕಾಗುವುದು ಮುದ್ರೆಯಿಂದಲೋ ನೆಟ್ಟಗೆ ಕೂತದ್ದರಿಂದಲೋ, ನಾನು ವಿಚಾರಿಸಲು ಹೋಗಿಲ್ಲ. ರಾತ್ರಿ ನಿದ್ದೆ ಬಾರದಿದ್ದರೆ ಮಲಗಿಕೊಂಡೇ ಬೆರಳು ಕೂಡಿಸಿ ಉಸಿರು ಎಣಿಸುತ್ತೇನೆ. ಆಗ ಮಾತ್ರ, ಬಿಟ್ಟುಕೊಂಡರೆ ಮತ್ತೆ ಕೂಡಿಸುವುದಿಲ್ಲ.